ಹಾಡಿನ ನಡುವೆ ಹೋದ ಕರೆಂಟು

ಬೈರೂತ್, ಆಗಸ್ಟ್ ೧೪, ಬುಧವಾರ

ನಮ್ಮ ಬೀದಿಗೆ ಜನರೇಟರ್‌ನಿಂದ ಕರೆಂಟು ಕೊಡುವ ನಾಸಿಫ್ ನನಗೇಕೆ ಹಾಡು ಕಳಿಸಬೇಕು?

"ಹಾಡು ಕಳಿಸಿದ್ದಕ್ಕೆ ಪೊಲೀಸರನ್ನ ಕರೀತೀಯೇನಕ್ಕಾ?" ಎಂದು ತಂಗಿ ಮುನಾ ನಕ್ಕಳು. ನಗಲಿ. ಗಂಡ ಬಿಟ್ಟುಹೋದ ಮೇಲೆ, ಸಿಹಿಯಾಗಿ ಬಂದದ್ದನ್ನೆಲ್ಲ ನಾನು ಮೂಸಿ ನೋಡುತ್ತೇನೆ.

ಮಧ್ಯಾಹ್ನ ದೊಡ್ಡ ಸ್ಪೀಕರಿನಲ್ಲಿ ಹಾಕಿದೆ. ವಾದ್ಯಗಳಿಲ್ಲದ, ಕಂಪ್ಯೂಟರ್ ಯಂತ್ರದಲ್ಲೇ ಹುಟ್ಟಿದ ಹಾಡು. ಅರೆನಿದ್ದೆಯಲ್ಲಿ ನಡೆಯುವಂಥ ತಾಳ, ನೀರಿನಡಿಯಿಂದ ಬಂದಂಥ ಹೆಣ್ಣುದನಿ. ತಪ್ಪು ಹುಡುಕಲೆಂದು ಕೂತವಳ ಕೈಯಲ್ಲಿ ಕಾಫಿ ಆರಿಹೋಯಿತು.

ನಡುವೆ ಸ್ಪೀಕರಿನ ಸದ್ದು ಪೂರ್ತಿ ನಿಂತಿತು. ಬಾಲ್ಕನಿಗೆ ಓಡಿ, ಈ ಬೀದಿಯವರೆಲ್ಲ ಕಿರುಚುವಂತೆ ನಾನೂ ಕಿರುಚಿದೆ: "ನಾಸಿಫ್! ಈಗ್ಲೇ ಕರೆಂಟ್ ತೆಗೀಬೇಕಿತ್ತಾ? ಹಾಡು ನಿಂತೋಯ್ತು!"

ಅವನು ಕೆಳಗಿನಿಂದಲೇ ನಕ್ಕ. "ಫ್ಯಾನ್ ತಿರುಗ್ತಿದೆಯಲ್ಲ, ನೋಡಿ ನುಹಾದ್ ಮೇಡಂ! ಆ ಹಾಡು ಅಲ್ಲಿ ಸುಮ್ಮನಾಗುತ್ತೆ. ತಾಳಿ, ಬರುತ್ತೆ."

ಬಂತು. ಅಷ್ಟರಲ್ಲಿ ಎದುರಿನ ಬಾಲ್ಕನಿಗಳೆಲ್ಲ ತುಂಬಿದ್ದವು.

ಹಾಡು ಇಷ್ಟವಾಗಿದೆ. ಹಾಡು ಮಾತ್ರ. ಆದರೆ ಆ ಮೌನ ಬರುತ್ತದೆಂದು ಗೊತ್ತಿದ್ದೇ ಕಳಿಸಿದನೇ? ನಾನು ಹೊರಗೆ ಬಂದು ಅವನ ಹೆಸರು ಕೂಗಲೆಂದೇ?

ಈಗ ಮತ್ತೆ ಹಾಕಿದ್ದೇನೆ. ಮೌನ ಬರುವ ಹೊತ್ತಾಯಿತು. ಬಾಯಿ ಬಿಗಿಹಿಡಿದು ಕೂತಿದ್ದೇನೆ. ಬಾಲ್ಕನಿಯ ಬಾಗಿಲು ಮಾತ್ರ, ಸೆಕೆಗೆ, ತೆರೆದೇ—