ಇನ್ನೂರ ಹದಿನಾಲ್ಕನೆಯ ಮೊಳೆ

ಪಾರಂಪರಿಕ ಪಟ್ಟಣದ ಪುನರಭಿವೃದ್ಧಿ ಕಚೇರಿಯ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಗಣಿಯ ದೀಪದ ಕೋಣೆಯನ್ನು ನೀವು ವಸ್ತುಸಂಗ್ರಹಾಲಯ ಮಾಡಿದ್ದೀರಿ. ಸಂತೋಷ. ಅಲ್ಲಿಯ ಬಿಲ್ಲೆ ಹಲಗೆಯಲ್ಲಿ ಇನ್ನೂರ ಹದಿನಾಲ್ಕನೆಯ ಮೊಳೆಗೆ ಒಂದು ಹಿತ್ತಾಳೆ ಬಿಲ್ಲೆ ನೇತುಹಾಕಿದ್ದೀರಿ. ಅದು ನನ್ನ ಅಣ್ಣನ ನಂಬರು. ಅಣ್ಣ ಇಪ್ಪತ್ತೊಂಬತ್ತು ವರ್ಷಗಳಿಂದ ಗಣಿಯ ಒಳಗಿದ್ದಾನೆ. ಬಿಲ್ಲೆ ಅವನ ಜೇಬಿನಲ್ಲಿತ್ತು. ಅದು ನಿಮ್ಮ ಕೈಗೆ ಹೇಗೆ ಬಂತು?

ಇದನ್ನೇ ಎರಡು ತಿಂಗಳ ಹಿಂದೆ ನಿಮಗೆ ಮಾತ್ರ ಬರೆದು ಕೇಳಿದ್ದೆ. ‘ತಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು’ ಎಂದು ಉತ್ತರ ಬಂತು. ನಾನು ಸಲಹೆ ಕೊಟ್ಟಿರಲಿಲ್ಲ. ಆದ್ದರಿಂದ ಈಗ ಪತ್ರಿಕೆಯಲ್ಲಿ, ಎಲ್ಲರೆದುರು ಕೇಳುತ್ತಿದ್ದೇನೆ.

ನಾನು ಹೆಚ್ಚು ಓದಿದವಳಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ದೀಪದ ಕೋಣೆಯ ಕಿಟಕಿಯಲ್ಲಿ ಕೂತವಳು. ದಿನವೂ ನಾಲ್ಕು ಸಾಲು ಬರೆದಿಡುತ್ತೇನೆ, ಅಷ್ಟೇ ನನ್ನ ವಿದ್ಯೆ. ಆದರೆ ಬಿಲ್ಲೆಯ ವಿಷಯ ನಿಮಗಿಂತ ಚೆನ್ನಾಗಿ ಗೊತ್ತು. ಪಾಳಿಗೆ ಇಳಿಯುವವನಿಗೆ ದೀಪದ ಜೊತೆ ಅವನ ನಂಬರಿನ ಬಿಲ್ಲೆಯನ್ನು ಮೊಳೆಯಿಂದ ತೆಗೆದು ಕೊಡಬೇಕು. ಮೇಲೆ ಬಂದವನು ಅದನ್ನು ತಾನೇ ತಂದು ನನ್ನ ಕೈಗೆ ಕೊಡಬೇಕು, ಬೇರೆಯವರ ಕೈಲಿ ಕಳಿಸುವಂತಿಲ್ಲ. ಮೊಳೆಯಲ್ಲಿ ಬಿಲ್ಲೆ ಇದ್ದರೆ ಆಳು ಮೇಲಿದ್ದಾನೆ, ಮೊಳೆ ಖಾಲಿ ಇದ್ದರೆ ಒಳಗಿದ್ದಾನೆ. ನಮ್ಮ ಹೆಂಗಸರು ಪಾಳಿ ಮುಗಿಯುವ ಹೊತ್ತಿಗೆ ಕಿಟಕಿಯಾಚೆ ನಿಂತು ಹಲಗೆಯತ್ತ ಒಮ್ಮೆ ಕಣ್ಣು ಹಾಯಿಸಿ, ಏನೂ ಕೇಳದೆ ಒಲೆ ಹಚ್ಚಲು ಹೋಗುತ್ತಿದ್ದರು.

ಅಣ್ಣ ಬಂಡೆ ಕೊರೆಯುವ ಕೆಲಸದವನು. ನನ್ನನ್ನು ಹೆಸರು ಹಿಡಿದು ಕರೆದವನಲ್ಲ. ‘ಏ ಎರಡು ಜಡೆ, ಬೇಗ ಕೊಡೇ, ಲಿಫ್ಟು ಇಳಿದುಬಿಡುತ್ತೆ’ ಎನ್ನುತ್ತಿದ್ದ. ಒಮ್ಮೆ ಅವನು ವಾಪಸ್ ಕೊಟ್ಟ ಬಿಲ್ಲೆಯ ಹಿಂಭಾಗದಲ್ಲಿ ಗೀರುಗಳಿದ್ದವು.

‘ಕಂಪನಿ ಸಾಮಾನು ಕೆರೆದಿದ್ದೀಯಲ್ಲ, ದೂರು ಕೊಡ್ತೀನಿ ನೋಡು’ ಎಂದೆ.

‘ಕೊಡು. ನಿಂದೇ ಚಿತ್ರ ಅದು. ಆಕಡೆ ಒಂದು ಜಡೆ, ಈಕಡೆ ಒಂದು, ನಡುವೆ ಸಿಡುಕು ಮೂತಿ. ಒಳಗೂ ನಿನ್ನ ಕಾಟ ತಪ್ಪದೇ ಇರ್ಲಿ ಅಂತ.’

ಹನ್ನೊಂದನೆಯ ಮಟ್ಟದ ಮೇಲ್ಛಾವಣಿ ಕುಸಿದ ದಿನ ನಾನು ಅವನ ಮೇಲೆ ಮುನಿಸಿಕೊಂಡಿದ್ದೆ. ಕಾರಣ ಈಗ ನೆನಪಿಲ್ಲ. ಮುಖ ನೋಡದೆ ಬಿಲ್ಲೆಯನ್ನು ಕಿಟಕಿಯಾಚೆ ತಳ್ಳಿದೆ. ಊಟದ ಬಿಡುವಿನಲ್ಲಿ ನನ್ನ ನಾಲ್ಕು ಸಾಲಿನ ಪುಸ್ತಕದಲ್ಲಿ ಬರೆದದ್ದು ಹೀಗಿದೆ: ‘ಅಣ್ಣನ ಜೊತೆ ಮಾತು ಬಿಟ್ಟಿದ್ದೇನೆ. ನಾಳೆ ನೋಡೋಣ.’

ಸಿಕ್ಕಿಕೊಂಡವರು ನಾಲ್ವರು. ಮೂವರನ್ನು ತಂದರು. ಅಷ್ಟರಲ್ಲಿ ನೀರು ತುಂಬಿತು. ಅಂದಿನಿಂದ ಗಣಿ ಮುಚ್ಚುವವರೆಗೂ ಆ ನಂಬರನ್ನು ಯಾರಿಗೂ ಕೊಡಲಿಲ್ಲ. ಹೊಸದಾಗಿ ಬಂದ ಗುಮಾಸ್ತರೊಬ್ಬರು ಒಮ್ಮೆ ಆ ಮೊಳೆಗೆ ಕೊಡೆ ತೂಗಿಹಾಕಿದರು. ಮೇಸ್ತ್ರಿ ಅದನ್ನು ತೆಗೆದು ಅವರ ಕೈಗಿಟ್ಟು, ‘ಸ್ವಾಮೀ, ಅಲ್ಲಿ ಆಳಿದ್ದಾನೆ’ ಎಂದರು. ಗುಮಾಸ್ತರು ಆಮೇಲೆ ಮಳೆಗಾಲವಿಡೀ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕೆಲಸ ಮಾಡಿದರು.

ನೀವು ಉಳಿಸಿದ ಪರಂಪರೆಯನ್ನೂ ನೋಡಿದ್ದೇನೆ. ಹನ್ನೊಂದು ಮನೆಯವರು ಒಂದೇ ನಲ್ಲಿಗೆ ಜಗಳವಾಡುತ್ತಿದ್ದ ಸಾಲುಮನೆಗಳಿಗೆ ಬಣ್ಣ ಬಳಿದು ‘ಕಾರ್ಮಿಕ ಜೀವನದ ಅನುಭವ’ ಎಂದು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದೀರಿ. ನಲ್ಲಿ ಹಾಗೇ ಇದೆ, ನೀರು ಬರುವುದಿಲ್ಲ. ಜಗಳವಾಡುತ್ತಿದ್ದವರು ಊರಾಚೆಯ ನಾಲ್ಕಂತಸ್ತಿನ ಕಟ್ಟಡದಲ್ಲಿ, ಬಾಗಿಲು ಹಾಕಿಕೊಂಡು, ಯಾರೊಡನೆಯೂ ಜಗಳವಾಡದೆ ಇದ್ದಾರೆ. ಅದನ್ನೆಲ್ಲ ನುಂಗಿಕೊಂಡೆವು. ಬಿಲ್ಲೆಯನ್ನು ನುಂಗಲಾರೆ.

ಟಿಕೆಟ್ ಕೊಂಡು ಒಳಗೆ ಹೋದೆ. ಹಲಗೆಗೆ ಗಾಜು ಹಾಕಿದ್ದೀರಿ. ಕಾವಲಿಗಿದ್ದದ್ದು ನಮ್ಮದೇ ಹಳೆಯ ಪಂಪಿನವನು, ನಿಮ್ಮ ಸಮವಸ್ತ್ರದಲ್ಲಿ.

‘ಅಕ್ಕಾ, ಗಾಜು ಮುಟ್ಟಬೇಡಿ. ಗಂಟೆ ಹೊಡ್ಕೊಳ್ಳುತ್ತೆ, ಆಮೇಲೆ ನಂಗೆ ಬೈಗುಳ.’

‘ಇದನ್ನ ಯಾರಪ್ಪಾ ಇಲ್ಲಿ ಹಾಕಿದ್ದು?’

‘ಮೇಲಿಂದ ಬಂತಕ್ಕಾ.’

‘ಮೇಲಿಂದನೋ, ಕೆಳಗಿಂದನೋ?’

ಅವನು ಟೋಪಿ ತೆಗೆದ. ಮತ್ತೆ ಹಾಕಿಕೊಂಡ. ‘ನನ್ನ ಕೇಳಬೇಡಿ ಅಕ್ಕಾ, ಇನ್ನೆರಡು ವರ್ಷ ನೌಕರಿ ಇದೆ’ ಎಂದ.

ಹಲಗೆಯ ಕೆಳಗೆ ನೀವೇ ಬರೆಸಿದ್ದೀರಿ: ‘ಎಲ್ಲ ಬಿಲ್ಲೆಗಳೂ ಮೂಲ ಬಿಲ್ಲೆಗಳು.’ ಹೋದ ವರ್ಷ ತಗಡಿನ ಬೇಲಿ ಕಟ್ಟಿ, ಊರಿನ ಒಬ್ಬನನ್ನೂ ಸೇರಿಸದೆ ನಲವತ್ತು ದಿನ ಗಣಿಯ ನೀರು ಎತ್ತಿಸಿದಿರಿ. ‘ಗಮನಾರ್ಹವಾದುದೇನೂ ಕಂಡುಬಂದಿಲ್ಲ’ ಎಂದು ಪತ್ರಿಕೆಗೆ ಹೇಳಿದಿರಿ. ಯಾರ ಗಮನಕ್ಕೆ, ಸ್ವಾಮೀ? ಅದಾದ ಎರಡೇ ವಾರಕ್ಕೆ ಹಲಗೆ ಭರ್ತಿಯಾಯಿತು. ಮುಂದಿನ ತಿಂಗಳು ಗಣಿಯ ಬಾಯಿಗೆ ಸಿಮೆಂಟು ಸುರಿದು ಮೇಲೆ ವೀಕ್ಷಣಾ ಕಟ್ಟೆ ಕಟ್ಟುತ್ತೀರಂತೆ. ಒಳಗೆ ಯಾರೂ ಇಲ್ಲ ಎಂದು ಹಲಗೆಯೇ ಸಾಕ್ಷಿ ಹೇಳುತ್ತದಲ್ಲ! ಇಷ್ಟು ಅನುಕೂಲವಾದ ಬಿಲ್ಲೆಯನ್ನು ನಾನು ಕಂಡಿಲ್ಲ. ನನ್ನದು ಸಂಶಯದ ಬುದ್ಧಿ ಎನ್ನಬಹುದು. ಪ್ರತಿ ಪಾಳಿಗೂ ಆಳುಗಳನ್ನು ಎಣಿಸುವ ಕೆಲಸಕ್ಕೆ ನನ್ನನ್ನು ಇಟ್ಟುಕೊಂಡದ್ದೇ ಆ ಬುದ್ಧಿಗಾಗಿ.

ಒಂದೋ ನಿಮ್ಮ ಫಲಕ ಸುಳ್ಳು, ಇಲ್ಲವೇ ನೀವು ಅಣ್ಣನನ್ನು ಕಂಡಿದ್ದೀರಿ. ತಿಳಿಯಲು ತಜ್ಞರ ಸಮಿತಿ ಬೇಕಿಲ್ಲ. ಸಿಮೆಂಟಿನ ಲಾರಿ ಬರುವ ಮೊದಲು ಗಾಜು ತೆಗೆಸಿ, ನನ್ನೆದುರು ಆ ಬಿಲ್ಲೆಯನ್ನು ತಿರುಗಿಸಿ. ಹಿಂಭಾಗ ನುಣ್ಣಗಿದ್ದರೆ ಅದನ್ನು ನೀವೇ ಇಟ್ಟುಕೊಳ್ಳಿ, ಮೊಳೆಯನ್ನು ಖಾಲಿ ಬಿಡಿ, ಒಳಗೆ ಆಳಿದ್ದಾನೆ ಎಂದು ಬರೆಸಿ. ಎರಡು ಜಡೆ ಕಂಡರೆ, ಅದನ್ನು ಯಾರ ಜೇಬಿನಿಂದ ತೆಗೆದಿರೋ ಅವನನ್ನು ಎಲ್ಲಿಟ್ಟಿದ್ದೀರಿ ಎಂದು ಹೇಳಿ. ಅವನಿದ್ದಲ್ಲಿಗೆ ನಾನೇ ಬರುತ್ತೇನೆ. ಬಿಲ್ಲೆಯನ್ನು ಬೇರೆಯವರ ಕೈಲಿ ಕಳಿಸುವಂತಿಲ್ಲ.

ಇಂತಿ,
ಇನ್ನೂ ಪಾಳಿ ಮುಗಿಯದ ದೀಪದ ಕೋಣೆಯವಳು
(ನಿಮ್ಮ ಟಿಕೆಟ್ಟಿನ ಪ್ರಕಾರ: ಪ್ರವಾಸಿ, ಒಬ್ಬರು)