ಗಂಟಲಿನ ಆಪರೇಷನ್

ಭಾನುವಾರ, ಎಂಟನೇ ತಾರೀಖು

ಮಗಳೇ,

ನೀನು, ಅಳಿಯಂದಿರು, ಮಗು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿಮ್ಮ ಮನೆಯಿಂದ ಬಂದು ಮೂರು ವಾರವಾದರೂ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡೋಣವೆಂದರೆ ನನ್ನ ದನಿ ಆ ಮನೆಯವರ ಕಿವಿಗೆ ಬೀಳಬಾರದಲ್ಲ, ಅದಕ್ಕೇ ಕಾಗದ.

ಮಗುವಿನ ಅಂಗೈ ಹೇಗಿದೆ? ಇಸ್ತ್ರಿಪೆಟ್ಟಿಗೆ ಮುಟ್ಟಿದ ಗಾಯ ಬೇಗ ಒಣಗುವುದಿಲ್ಲ. ಮುಲಾಮು ಹಚ್ಚುವುದನ್ನು ಬಿಡಬೇಡ.

ಇಲ್ಲಿ ಮಗ್ಗದ ಶೆಡ್ಡಿನಲ್ಲಿ ಎಲ್ಲ ಹಾಗೇ ಇದೆ. ನಲವತ್ತು ಮಗ್ಗ ಒಟ್ಟಿಗೆ ಬಡಿಯುವಾಗ "ನೂಲು ಹರೀತು ನೋಡೇ" ಎಂದು ಕಿರುಚದಿದ್ದರೆ ಯಾರಿಗೂ ಕೇಳಿಸುವುದಿಲ್ಲ. ಮೂವತ್ತು ವರ್ಷ ಕಿರುಚಿ ಕಿರುಚಿ ನನ್ನ ದನಿ ಹೀಗಾಯಿತು, ಮೇಸ್ತ್ರಿಗೂ ಬಾರೋ ಹೋಗೋ ಅನ್ನುವ ಬಾಯಿ ಬಂತು. ನಿಮ್ಮತ್ತೆ ಮಾವನವರೋ, ಮಗುವಿಗೂ "ಬನ್ನಿ, ಕೂತ್ಕೊಳ್ಳಿ" ಅನ್ನುವವರು. ಮದುವೆ ಮಾತುಕತೆಯ ದಿನ ನೀನು "ಅಮ್ಮನಿಗೆ ಗಂಟಲು ಆಪರೇಷನ್ ಆಗಿದೆ, ಮಾತಾಡೋ ಹಾಗಿಲ್ಲ" ಅಂದೆ. ಒಂದು ದಿನದ ಮಟ್ಟಿಗೆ ತಾನೇ ಎಂದು ನಾನೂ ತಲೆಯಾಡಿಸಿದೆ. ನಾಲ್ಕು ವರ್ಷವಾಯಿತು.

ನಿಮ್ಮತ್ತೆ ಒಳ್ಳೆಯವರು. ಬರೆದು ತೋರಿಸಲಿ ಎಂದು ನನಗೊಂದು ಪುಟ್ಟ ಪುಸ್ತಕ, ಪೆನ್ನು ತಂದಿಟ್ಟಿದ್ದಾರೆ. "ಎಷ್ಟು ಸಾಧು ಸ್ವಭಾವ ನಿಮ್ಮ ತಾಯೀದು" ಅಂದರಲ್ಲ, ಅದನ್ನು ಹೇಳಿದ್ದಕ್ಕೆ ಪಕ್ಕದ ಮಗ್ಗದ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿನ್ನ ಬಾಯಿ ಮುಚ್ಚಿಸೋಕೆ ಮಾಲೀಕನ ಕೈಲೂ ಆಗ್ಲಿಲ್ಲ, ಮಗಳು ಮುಚ್ಚಿಸಿದ್ಲಾ?" ಅಂದಳು. ನಾನೂ ನಕ್ಕೆ. ಮಧ್ಯಾಹ್ನ ಊಟ ಸೇರಲಿಲ್ಲ.

ನಿನ್ನ ಮೇಲೆ ಕೋಪವಿಲ್ಲ ಕಣೇ. ಸ್ಕೂಲಿನಲ್ಲಿ "ಶೆಡ್ಡಿನವಳು ಬಂದ್ಲು, ಕಿವಿ ಮುಚ್ಕೊಳ್ಳಿ" ಎಂದು ನಿನ್ನನ್ನು ಆಡಿಕೊಳ್ಳುತ್ತಿದ್ದರು. ನೀನು ಕನ್ನಡಿ ಮುಂದೆ ನಿಂತು ಮೆಲ್ಲಗೆ ಮಾತಾಡುವುದನ್ನು ಕಲಿತದ್ದು ನನಗೆ ಗೊತ್ತು.

ಮಗುವಿನ ಹುಟ್ಟುಹಬ್ಬಕ್ಕೆ ಬಾ ಅಂದಿದ್ದೀಯ. ಬರಲಾರೆ, ರಜೆ ಸಿಗುವುದಿಲ್ಲ. ನೀವೆಲ್ಲ ನೂರು ಕಾಲ ಸುಖವಾಗಿರಿ. ಮಗುವಿಗೆ ನನ್ನದೊಂದು ಮುತ್ತು.

ನಿನ್ನ ಅಮ್ಮ

ಇನ್ನೊಂದು ಮಾತು: ನಾನು ರಜೆ ಕೇಳಿಯೇ ಇಲ್ಲ. ಅವತ್ತು ಕಿಟಕಿ ಕಡೆ ನೋಡುತ್ತಿದ್ದೆ, ಮಗು ಇಸ್ತ್ರಿಪೆಟ್ಟಿಗೆಗೆ ಕೈ ಚಾಚಿದ್ದು ಕಾಣಲಿಲ್ಲ ಎಂದು ಪುಸ್ತಕದಲ್ಲಿ ಬರೆದು ತೋರಿಸಿದೆನಲ್ಲ, ಅದು ಸುಳ್ಳು. ಕಂಡಿತ್ತು. ಕುರ್ಚಿಯಿಂದ ಎದ್ದು ಹೋಗುವಷ್ಟು ಹೊತ್ತಿರಲಿಲ್ಲ, ಕೂಗುವಷ್ಟು ಇತ್ತು. ನಲವತ್ತು ಮಗ್ಗ ದಾಟುವ ದನಿ ನನ್ನದು. ಆದರೆ ನಿಮ್ಮತ್ತೆ ಅಲ್ಲೇ ಕೂತಿದ್ದರು. ನಾನು ಮೊದಲು ನಿನ್ನ ಮುಖ ನೋಡಿದೆ. ಅಷ್ಟರಲ್ಲಿ ಮಗುವೇ ಕಿರುಚಿತು.