ನವಿಲಿನ ರಟ್ಟು

ಕಾಲೇಜ್ ಹಾಸ್ಟೆಲ್, ಬೆಂಗಳೂರು
೯ ಫೆಬ್ರವರಿ, ಸೋಮವಾರ

ಪ್ರೀತಿಯ ಅಮ್ಮಾ,

ಫೋನ್ ಬಿಟ್ಟು ಪತ್ರ ಯಾಕೆ ಅಂತ ಹೆದರಬೇಡ. ನನ್ನ ಮೈಗೆ ಏನೂ ಆಗಿಲ್ಲ. ಫೋನಲ್ಲಿ ಕೇಳಿದರೆ ನೀನು ಊಟ ಆಯ್ತಾ ಅಂತ ಮಾತು ತಿರುಗಿಸಿಬಿಡುತ್ತೀಯ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿದ್ದವಳು ನಾನು, ಕಷ್ಟದ ಮಾತೆಲ್ಲ ಬರೆದೇ ಅಭ್ಯಾಸ.

ನಮ್ಮ ಕಾಮಿಕ್ಸ್ ಪ್ರಾಜೆಕ್ಟ್ ಬಗ್ಗೆ ಹೇಳಿದ್ದೆನಲ್ಲ. ಕಂಪ್ಯೂಟರಿನ ರೆಡಿಮೇಡ್ ಟೆಕ್ಸ್ಚರ್ ಬೇಡ, ಮನೆಯಿಂದ ಏನಾದರೂ ತನ್ನಿ ಅಂದಿದ್ದರು ಮೇಡಂ. ನನಗೆ ಹೊಳೆದದ್ದು ನಮ್ಮ ಮಗ್ಗದ ಮೇಲೆ ಸರಪಳಿಯಂತೆ ತಿರುಗುವ, ಮೈತುಂಬ ತೂತಿರುವ ಜಕಾರ್ಡ್ ರಟ್ಟುಗಳು. ಆ ತೂತುಗಳನ್ನು ಓದಿಕೊಂಡೇ ಮಗ್ಗ ಸೀರೆಯ ಅಂಚಿಗೆ ನವಿಲು ನೇಯುತ್ತದೆ. ನನಗೆ ಮಾತ್ರ ಅವು ಕಾಮಿಕ್ಸಿನ ಬಣ್ಣದ ಚುಕ್ಕಿಗಳಂತೆ ಕಂಡವು. ಹಳೆಯವಿದ್ದರೆ ಕೊಡು ಅಂತ ಅಪ್ಪನನ್ನು ಕೇಳಿದೆ. ಪಕ್ಕದ ಮನೆಯ ಅಪ್ಪಯ್ಯಣ್ಣ ದೊಡ್ಡಬಳ್ಳಾಪುರದಿಂದ ಒಂದು ಗೋಣಿಚೀಲದ ತುಂಬ ಹೊತ್ತು ತಂದರು. ಎಷ್ಟು ಬೇಕಾದರೂ ಬಣ್ಣ ಬಳಿದುಕೊಳ್ಳಲಿ ಅಂದನಂತೆ ಅಪ್ಪ. ಚಿಕ್ಕಂದಿನಲ್ಲಿ ಒಂದು ರಟ್ಟಿನ ಮೂಲೆ ಮಡಚಿದ್ದಕ್ಕೆ ನನ್ನನ್ನು ದಿನವಿಡೀ ಮಾತಾಡಿಸದೆ ಇದ್ದ ಅಪ್ಪ. ಚೀಲ ಬಂದಾಗಲೂ ನನಗೆ ಅನುಮಾನ ಬರಲಿಲ್ಲ ನೋಡು.

ದಪ್ಪ ಕಾಗದದ ಮೇಲೆ ರಟ್ಟಿಟ್ಟು ಸ್ಪಂಜಿನಲ್ಲಿ ಕೆಂಪು ಒತ್ತಿದೆ. ಒಣಗುವ ಮೊದಲೇ ಅರಿಶಿನದ ನೀರು ಚಿಮುಕಿಸಿದೆ. ಕೆಂಪು ಒಡೆದು ಕಿತ್ತಳೆಯಾಗಿ ಹರಡಿತು. ಸ್ಕ್ಯಾನ್ ಮಾಡಿ, ಟ್ಯಾಬಿನಲ್ಲಿ ಬರೆದಿದ್ದ ಅಪ್ಪನ ಚಿತ್ರದ ಕೆಳಗೆ ಲೇಯರ್ ಆಗಿ ಹಾಸಿದಾಗ ಮಗ್ಗದ ಸದ್ದಿಗೇ ಬಣ್ಣ ಬಂದಂತಿತ್ತು. ಖುಷಿಯಲ್ಲಿ ಝೂಮ್ ಮಾಡುತ್ತಾ ಹೋದೆ. ಅಪ್ಪನ ಭುಜದ ಹತ್ತಿರ ಒಂದು ಚುಕ್ಕಿ ಮಾತ್ರ ದುಂಡಗಿರಲಿಲ್ಲ, ಕುಂಬಳದ ಬೀಜದ ಹಾಗೆ ಉದ್ದ. ಅಳಿಸಲು ಹೋದವಳು ನಿಂತೆ. ಚೀಲ ಸುರಿದು ಆ ರಟ್ಟು ಹುಡುಕಿದೆ. ಅದರ ಬೆನ್ನಿಗೆ ನೀಲಿ ಟೇಪು.

ಅಮ್ಮಾ, ಆ ಟೇಪು ಅಂಟಿಸಿದವಳು ನಾನೇ. ದಸರಾ ರಜೆಯಲ್ಲಿ ನವಿಲಿನ ಕೊಕ್ಕು ತಪ್ಪಾಗಿ ಬರುತ್ತಿದೆ ಅಂತ ಅಪ್ಪ ಮಗ್ಗ ನಿಲ್ಲಿಸಿದ್ದಾಗ, ಹರಿದ ತೂತಿಗೆ ಟೇಪು ಹಾಕಿ ಸೂಜಿಯಲ್ಲಿ ಮತ್ತೆ ತೂತು ಬಿಡಿಸಿಕೊಟ್ಟಿದ್ದೆ. ಇವು ಹಳೆಯ ರಟ್ಟಲ್ಲ. ಓಡುತ್ತಿದ್ದ ಮಗ್ಗದವು.

ಅಪ್ಪಯ್ಯಣ್ಣನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಕೆಮ್ಮಿದರು. ಆಮೇಲೆ, "ಮಗ್ಗ ಸಂಕ್ರಾಂತಿಗ್ ಮುಂಚೇನೇ ಗುಜ್ರಿಗ್ ಹೋಯ್ತಲ್ಲವ್ವ. ನಿಂಗ್ ಹೇಳಿಲ್ವಾ?" ಅಂದರು. ಅಪ್ಪ ಈಗ ಗಾರ್ಮೆಂಟ್ಸ್ ಗೇಟಿನಲ್ಲಿ ಸೆಕ್ಯುರಿಟಿ ಅನ್ನುವುದೂ ಅವರ ಬಾಯಿಂದಲೇ ಗೊತ್ತಾಗಬೇಕಾಯಿತು.

ಶಾಕ್ ಅಂತ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದೆ, ಅದು ಹೇಗಿರುತ್ತದೆ ಅಂತ ಗೊತ್ತಿಲ್ಲದೆ. ಅಳು ಬರಲಿಲ್ಲ. ರೂಮ್‌ಮೇಟ್ ಅಕ್ಷತ ಏನೋ ಕೇಳುತ್ತಿದ್ದಳು, ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಹಬ್ಬಕ್ಕೆ ಬಸ್ಸೆಲ್ಲ ರಶ್ಶು, ಬರಬೇಡ ಅಂದಿದ್ದೆ ನೀನು. ವಿಡಿಯೋ ಕಾಲಿನಲ್ಲಿ ಮಗ್ಗದ ಸದ್ದೇ ಇಲ್ಲವಲ್ಲ ಅಂತ ನಾನು ಕೇಳಿದಾಗೆಲ್ಲ ನೀನು ಕರೆಂಟ್ ಇಲ್ಲ ಅಂದೆ. ನಾನು ನಂಬಿದೆ.

ರಟ್ಟುಗಳು ಬಣ್ಣದಲ್ಲಿ ನೆನೆದು ಉಬ್ಬಿವೆ ಅಮ್ಮಾ. ಇನ್ನು ಯಾವ ಮಗ್ಗಕ್ಕೂ ಏರುವುದಿಲ್ಲ. ಚೀಲಕ್ಕೆ ತುಂಬುವಾಗ ಅಪ್ಪನಿಗೆ ಹೇಗೆ ಕೈ ಬಂತು? ನೀನು ಪಕ್ಕದಲ್ಲಿದ್ದೆಯಾ? ಕೋಪ ಇಲ್ಲ. ಯಾಕೆ ಮುಚ್ಚಿಟ್ಟಿರಿ ಅಂತ ಮಾತ್ರ ಹೇಳು.

ನಿನ್ನ ಉತ್ತರಕ್ಕೆ ಕಾದಿರುವ,
ಅರ್ಪಿತ

ತಾ.ಕ.: ಇದೊಂದನ್ನು ಅಪ್ಪನಿಗೆ ಓದಿ ಹೇಳಬೇಡ. ಹೋದ ವಾರ ಕಾಲೇಜು ಬಿಟ್ಟು ಬರಲು ಬ್ಯಾಗು ತುಂಬಿಟ್ಟಿದ್ದೆ. ಇಲ್ಲಿ ಎಲ್ಲರೂ ನನಗಿಂತ ಚೆನ್ನಾಗಿ ಚಿತ್ರ ಬರೆಯುತ್ತಾರೆ. ಹೇಗೂ ಮಗ್ಗ ಇದೆ, ಅಪ್ಪನ ಜೊತೆ ನಿಂತರಾಯಿತು ಅಂದುಕೊಂಡಿದ್ದೆ. ಇವತ್ತು ಬಟ್ಟೆಯನ್ನೆಲ್ಲ ತೆಗೆದು ವಾಪಸ್ ಬೀರುವಿನಲ್ಲಿ ಜೋಡಿಸಿದೆ.